ಅವ್ವನ ಅಪ್ಪಣೆಯಿಲ್ಲದೆ ಗುಂಡು ಹಾರದು

ನಮ್ಮ ಮನೆಯ ಕಂಪ್ಯೂಟರಿಗೆ ಅವ್ವ ಮಾಲೀಕಳಾದದ್ದು ಅಪ್ಪನ ಬಾಯಿಗೆ ರೂಢಿಯಾಗಿಹೋಗಿದ್ದ ಒಂದು ಮಾತಿನಿಂದ. ಅಂಗಡಿಯವನು ಪೆಟ್ಟಿಗೆಗಳನ್ನು ತಂದು ಪಡಸಾಲೆಯ ಮೂಲೆಯಲ್ಲಿ ಜೋಡಿಸಿ, ತಂತಿಗಳನ್ನೆಲ್ಲ ಸಿಕ್ಕಿಸಿ, "ಯಾರ ಹೆಸರಿನ್ಯಾಗ ಮಾಡ್ಲಿ ಅಣ್ಣಾ?" ಎಂದು ಕೇಳಿದ. ಅಪ್ಪ ಆಗ ಫೋನಿನಲ್ಲಿ ಯಾವನೋ ಡ್ರೈವರನಿಗೆ ಬೈಯುತ್ತಿದ್ದ. ಬೈಗುಳದ ನಡುವೆ ಸ್ವಲ್ಪ ಬಿಡುವು ಮಾಡಿಕೊಂಡು, "ಮನಿಯಾಕಿ ಹೆಸರ್ಲೇ ಮಾಡು" ಎಂದು ಹೇಳಿ ಮತ್ತೆ ಬೈಯಲು ಹೋದ.

ಅದಕ್ಕೆ ಕಾರಣವಿತ್ತು. ಗಣಿಯ ಭರಾಟೆ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಲಾರಿ ಇಲ್ಲದವರು ಲಾರಿ ಕೊಳ್ಳುತ್ತಿದ್ದರು, ಇದ್ದವರು ಇನ್ನೊಂದು ಕೊಳ್ಳುತ್ತಿದ್ದರು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಅದಿರಿನ ಧೂಳಿನಿಂದ ಕಾವಿಯಾಗಿರುತ್ತಿತ್ತು. ಅಪ್ಪ ಸಂಸಾರದಲ್ಲಿದ್ದುಕೊಂಡೇ ಸ್ವಾಮಿಯಾಗಿದ್ದ. ಅವನ ಹೆಸರಿನಲ್ಲಿ ಕೊಂಡ ಮೊದಲನೇ ಲಾರಿ ಸಂಡೂರಿನ ತಿರುವಿನಲ್ಲಿ ಮಗ್ಗುಲಾಗಿ ಮಲಗಿತು. ಅವ್ವನ ಹೆಸರಿನಲ್ಲಿ ಕೊಂಡ ಎರಡನೆಯದು ವರ್ಷವಿಡೀ ಒಂದು ಪಂಕ್ಚರ್ ಕೂಡ ಆಗಲಿಲ್ಲ. ಅಂದಿನಿಂದ ಲಾರಿ, ಸ್ಕೂಟರ್, ಗ್ಯಾಸು, ಫೋನು ಎಲ್ಲವೂ ಅವ್ವನ ಹೆಸರಿಗೇ. ಅವ್ವನಿಗಿದ್ದ ಕೆಲಸ ಒಂದೇ, ಅಪ್ಪ ಬೆರಳಿಟ್ಟ ಕಡೆ ಸಹಿ ಹಾಕುವುದು. ರೊಟ್ಟಿ ಬಡಿಯುತ್ತಿದ್ದರೆ ಬಡಿಯುವ ಕೈಯಲ್ಲೇ ಹಾಕಿಬಿಡುತ್ತಿದ್ದಳು. ನಮ್ಮ ಮನೆಯ ಕಾಗದಗಳ ಮೇಲೆಲ್ಲ ಜೋಳದ ಹಿಟ್ಟಿನ ಗುರುತಿತ್ತು.

ಅಪ್ಪನ ಹಂಗಿಲ್ಲದೆ ಅವ್ವನ ಹೆಸರಿನಲ್ಲಿದ್ದದ್ದು ಅವಳ ತವರಿನ ಕಡೆಯ ಮೆಟ್ರಿ ಎಂಬ ಹಳ್ಳಿಯ ಗದ್ದೆ ಒಂದೇ. ಮದುವೆಯಲ್ಲಿ ಅವಳ ತಂದೆ ಅರಿಶಿನ-ಕುಂಕುಮಕ್ಕೆಂದು ಕೊಟ್ಟ ನೆಲ, ಕಾಲುವೆ ನೀರು ಹಾಯುವ ಜಾಗ. ನಾವು ಉಣ್ಣುತ್ತಿದ್ದದ್ದು ಅಲ್ಲಿಯದೇ ಅಕ್ಕಿ. ಅಪ್ಪನಿಗೆ ಹತ್ತು ಗಾಲಿಯ ಹೊಸ ಗಾಡಿಯ ಮೇಲೆ ಮನಸ್ಸಾದಾಗಿನಿಂದ ಆ ಗದ್ದೆಯ ಮೇಲೆ ಕಣ್ಣು ಬಿದ್ದಿತ್ತು. ಮಾರಿಬಿಡೋಣ ಎಂದು ಊಟದ ಹೊತ್ತಿಗೆ ದಿನವೂ ಅನ್ನುತ್ತಿದ್ದ, ಕಂಪ್ಲಿಯಲ್ಲಿ ಒಬ್ಬ ಗಿರಾಕಿಯನ್ನೂ ಹುಡುಕಿದ್ದ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸಾರು ಬಡಿಸುತ್ತಿದ್ದಳು. ಅಪ್ಪ ಅದನ್ನು ಹೂಂ ಎಂದೇ ಹಿಡಿದ.

ಲಾರಿಗಳ ಲೆಕ್ಕಕ್ಕೆಂದು ತಂದ ಕಂಪ್ಯೂಟರು ನನ್ನ ಮತ್ತು ಅಣ್ಣನ ಪಾಲಾಯಿತು. ಲೆಕ್ಕ ಅಪ್ಪನ ತಲೆಯಲ್ಲೇ ಉಳಿಯಿತು. ನಾನು ಆಗ ಡಿಗ್ರಿ ಓದುತ್ತಿದ್ದೆ, ಅಣ್ಣ ಡಿಗ್ರಿ ಮುಗಿಸಿ ಏನು ಮಾಡಬೇಕೆಂದು ಯೋಚಿಸುತ್ತಿದ್ದ. ಅವನು ಯೋಚಿಸುತ್ತಿದ್ದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ನಮ್ಮ ಮನೆಯ ಹಿಂದಿನ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು, ಅವರ ಬಳಿಯೂ ಒಂದು ಕಂಪ್ಯೂಟರಿತ್ತು. ನಮ್ಮ ನೀರಿನ ಟ್ಯಾಂಕಿನಿಂದ ಅವರ ಟ್ಯಾಂಕಿಗೆ ಒಂದು ಕೇಬಲ್ ಎಳೆದು, ಪ್ರತಿ ಭಾನುವಾರ ಗುಂಡು ಹಾರಿಸುವ ಆಟದಲ್ಲಿ ಎರಡೂ ಮನೆಗಳಿಗೆ ಯುದ್ಧ. ಸೋತವರು ಗೆದ್ದವರಿಗೆ ಮಂಡಕ್ಕಿ ಮಿರ್ಚಿ ತಿನ್ನಿಸಬೇಕು. ನಮ್ಮ ಪಡೆಯಲ್ಲಿ ಗುರಿ ನನ್ನದು, ಬಾಯಿ ಅಣ್ಣನದು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಕಾಟ ಶುರುವಾಯಿತು. ತೆರೆಯ ಮೂಲೆಯಲ್ಲಿ ಒಂದು ಚೀಟಿ ಎದ್ದು, ಹೊಸ ಅಪ್‌ಡೇಟ್ ಬಂದಿದೆ, ಈಗ ಬಂದ್ ಮಾಡಿ ಮತ್ತೆ ಚಾಲೂ ಮಾಡಲೇ ಎಂದು ಕೇಳುತ್ತಿತ್ತು. ಆಮೇಲೆ ಎಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದು ಬರುತ್ತಿತ್ತು. ಒಂದು ಭಾನುವಾರ ನಾನು ಕೊನೆಯ ಸುತ್ತಿನಲ್ಲಿ ಗೋಡೆಯ ಮರೆಯಲ್ಲಿ ಕೂತು, ಹಿಂದಿನ ಮನೆಯ ಹಿರಿಯವನ ತಲೆಗೆ ಗುರಿ ಹಿಡಿದು, ಇನ್ನೇನು ಒತ್ತಬೇಕು, ತೆರೆ ನೀಲಿಯಾಯಿತು. ಕಂಪ್ಯೂಟರು ನಮ್ಮನ್ನು ಕೇಳದೆ ತನ್ನಷ್ಟಕ್ಕೆ ತಾನು ಮಲಗಲು ಹೊರಟಿತ್ತು. ಹಿಂದಿನ ಮಾಳಿಗೆಯಿಂದ ಸಿಳ್ಳೆ ಕೇಳಿಸಿತು. ನನಗಂತೂ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ನಮ್ಮದು, ಕರೆಂಟು ನಮ್ಮದು, ಯಾವಾಗ ಏಳಬೇಕು ಯಾವಾಗ ಮಲಗಬೇಕು ಎನ್ನುವುದು ಮಾತ್ರ ಸಮುದ್ರದಾಚೆಯ ಯಾರದೋ ಇಷ್ಟ. ಮಂಡಕ್ಕಿ ಕೊಡಿಸಿದ್ದು ನಾವು.

ಅಪ್ಪನಿಗೆ ಕಂಪ್ಯೂಟರು ತಿಳಿಯದಿದ್ದರೂ ಅನ್ಯಾಯ ತಿಳಿಯಿತು. "ಏನ್ಲೇ ಇದು! ಗಾಡಿ ನಂದು, ಘಾಟಿನ್ಯಾಗ ಹೊಂಟೈತಿ. ಎಲ್ಲೋ ಕುಂತಾವ ನಡುವ ಬ್ರೇಕ್ ಹಾಕ್ತಾನಂದ್ರ? ಬ್ಯಾರೆಯವ್ರ ಗಾಡಿಗೆ ಕೇಳಲಾರದ ಕೈ ಹಾಕಬಾರದು, ಅಷ್ಟ" ಎಂದು ಕೂಗಿದ. ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅಪ್ಪ ಅಂಗಡಿಯವನನ್ನು ಕರೆಸಿದ.

ಅಂಗಡಿಯವನು ಬಂದು, "ಒಳಗಿನ ಸಾಫ್ಟ್‌ವೇರ್ ಹಳೇದು, ಇನ್ನ ಹಿಂಗ ಕಾಡ್ತೈತಿ ಅಣ್ಣಾ. ಹೊಸದು ಬಂದೈತಿ, ಅದನ್ನ ಹಾಕಿಬಿಡ್ತೀನಿ, ನೋಡಾಕ ಮಸ್ತ್ ಐತಿ" ಅಂದ. ನೋಡಲು ಮಸ್ತಾಗಿಯೇ ಇತ್ತು, ಎಲ್ಲವೂ ಗಾಜಿನ ಹಾಗೆ ಹೊಳೆಯುತ್ತಿತ್ತು. ಆದರೆ ಅವನು ಹೋಗುವ ಮೊದಲು ಅಣ್ಣ ಆಟ ತೆರೆಯಲು ಹೋದನೋ ಇಲ್ಲವೋ, ವೋಲ್ಟೇಜು ಇಳಿದಂತೆ ತೆರೆಯೆಲ್ಲ ಮಬ್ಬಾಗಿ, ನಡುವೆ ಒಂದು ಚೌಕ ಮೂಡಿತು. ಈ ಪ್ರೋಗ್ರಾಮು ನಡೆಯಲು ಮಾಲೀಕರ ಅನುಮತಿ ಬೇಕು, ಮಾಲೀಕರು ಪಾಸ್‌ವರ್ಡ್ ಹಾಕಬೇಕು, ಬೇಡವಾದರೆ ಕ್ಯಾನ್ಸಲ್ ಒತ್ತಬೇಕು.

"ಮಾಲೀಕರು ಯಾರು?" ಎಂದು ಅಣ್ಣ ಕೇಳಿದ.

ಅಂಗಡಿಯವನು ಅಡುಗೆಮನೆಯ ಕಡೆ ನೋಡಿದ. ನಮಗೆ ಅವನು ಮೊದಲೇ 'ಮಕ್ಕಳು' ಎಂದು ಬೇರೆ ಖಾತೆ ಮಾಡಿಕೊಟ್ಟಿದ್ದ. ಹಳೆಯದರಲ್ಲಿ ಮಕ್ಕಳಿಗೂ ಮಾಲೀಕರಿಗೂ ಭೇದವಿರಲಿಲ್ಲ, ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿತ್ತು. ಹೊಸದು ಕಟ್ಟುನಿಟ್ಟು. "ಅಕ್ಕಾರ, ಓನರ್ ನೀವ. ಬಂದು ಒಂದು ಗುಟ್ಟಿನ ನಂಬರ್ ಇಟ್ಕೊಳ್ರಿ" ಎಂದು ಕರೆದ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮೊದಲ ಸಲ ಆ ಕುರ್ಚಿಯಲ್ಲಿ ಕೂತಳು. "ನೀವಿಬ್ರೂ ಗ್ವಾಡಿ ಕಡೆ ಮಾರಿ ಮಾಡ್ರಿ" ಎಂದು ನಮಗೆ ಅಪ್ಪಣೆಯಾಯಿತು. ಗೋಡೆ ನೋಡುತ್ತ ನಿಂತ ನಮಗೆ ಟಕ್, ಟಕ್ ಎಂದು ನಿಧಾನವಾಗಿ ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಅವ್ವನ ದನಿ, "ತಮ್ಮಾ, ಈ ಓರೆ ಗೀಟು ಎಲ್ಲೈತಿ?"

ಅಣ್ಣ ನನ್ನನ್ನು ತಿವಿದ. "ತಾರೀಖು" ಎಂದು ಪಿಸುಗುಟ್ಟಿದ.

ನಾವು ಹಾಕದ ತಾರೀಖಿಲ್ಲ. ನನ್ನ ಹುಟ್ಟಿದ ದಿನ, ಅವನದು, ಅಪ್ಪ-ಅವ್ವನ ಮದುವೆಯ ದಿನ, ಲಾರಿಗಳಿಗೆ ಪೂಜೆ ಮಾಡಿದ ದಿನ, ಒಂದಕ್ಕೂ ಚೌಕ ಜಗ್ಗಲಿಲ್ಲ. ಅವ್ವನ ಹುಟ್ಟಿದ ದಿನ ಹಾಕಿ ನೋಡೋಣವೆಂದರೆ ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಆಟವಾಡುವ ಹುಡುಗರೆಲ್ಲ ನಮ್ಮಷ್ಟೇ ಕಂಗಾಲಾಗಿದ್ದರು. ಹೊಸದರಲ್ಲಿ ಹಳೆಯ ಆಟಗಳೇ ನಡೆಯವಂತೆ, ಇನ್ನು ಮುಂದೆ ಕಂಪನಿಯವರು ಅಲ್ಲೇ ಕೂತು ಯಾವ ಆಟ ಆಡಬೇಕೆಂದು ಹೇಳುತ್ತಾರಂತೆ. "ಕಳ್ಳ ಸಿಡಿ ಹಾಕಿದ್ರ ಅದು ತಾನ ಪೊಲೀಸ್ರಿಗೆ ಫೋನ್ ಹೊಡೀತೈತಂತಲೇ" ಎಂದು ಒಬ್ಬ ಹೇಳಿದ್ದೇ, ಇನ್ನೊಬ್ಬ ತನ್ನ ಸಿಡಿಗಳನ್ನೆಲ್ಲ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ. ಅವರ ಶತ್ರು ಎಲ್ಲೋ ದೂರದಲ್ಲಿದ್ದ. ನಮ್ಮ ಶತ್ರು ಒಲೆಯ ಮುಂದೆಯೇ ಕೂತಿದ್ದಳು.

ಅವ್ವನಿಗೆ ಅಧಿಕಾರ ರುಚಿಸಲು ಬಹಳ ದಿನ ಬೇಕಾಗಲಿಲ್ಲ. "ಅವ್ವಾ, ಬಾ, ಕೇಳಾಕತ್ತೈತಿ" ಎಂದು ಕೂಗಿದರೆ ಕೈಯಲ್ಲಿದ್ದ ಕೆಲಸ ಮುಗಿಸಿಯೇ ಬರುತ್ತಿದ್ದಳು. ಬಂದು, ಏಳನೇ ಇಯತ್ತೆಯ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಚೌಕವನ್ನು ಪೂರ್ತಿ ಓದಿ, "ಇದು ಏನು ಮಾಡ್ತೈತಿ?" ಎಂದು ಕೇಳುತ್ತಿದ್ದಳು.

"ಗುಂಡು ಹೊಡೆಯೋ ಆಟ ಅವ್ವಾ."

"ಯಾರಿಗೆ ಹೊಡೀತೀರಿ?"

"ಹಿಂದಿನ ಮನಿಯವ್ರಿಗೆ."

"ಪಾಪ, ಏನು ಮಾಡ್ಯಾರ ಅವರು ನಿಮಗ? ಮೊನ್ನೆ ಹೋಳಿಗೆ ಕೊಟ್ಟು ಕಳಿಸ್ಯಾರ." ಇಷ್ಟಾದ ಮೇಲೆ ಕರಾರು. ಮೊದಲು ಕಿಟಕಿಗಳ ಕೆಂಪು ಧೂಳು ಒರೆಸಬೇಕು, ಆಮೇಲೆ ಗುಂಡು. ಒರೆಸಿದ ಮೇಲೆ ಸರಳುಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು, ಬೆರಳು ಕೆಂಪಾದರೆ ಯುದ್ಧ ಮುಂದಕ್ಕೆ. ಒಂದು ಭಾನುವಾರ ಹಿಂದಿನ ಮಾಳಿಗೆಯವರು ಬಾ ಬಾ ಎಂದು ಕೂಗುತ್ತಿದ್ದರೆ ನಮ್ಮ ಪಡೆ ಬಚ್ಚಲು ತಿಕ್ಕುತ್ತಿತ್ತು. ನಾನು ಆ ಚೌಕ ಕಂಡುಹಿಡಿದವನ ಮನೆತನಕ್ಕೆಲ್ಲ ಶಾಪ ಹಾಕಿದೆ.

ಒಂದು ಮಧ್ಯಾಹ್ನ ಅವ್ವ ಚೌಕದ ಮುಂದೆ ಸುಮ್ಮನೆ ಕೂತಿದ್ದಳು. "ಜಲ್ದಿ ಒತ್ತವ್ವಾ" ಎಂದು ನಾನು ಗೊಣಗಿದೆ. ಅವಳು ತೆರೆ ನೋಡುತ್ತಲೇ, "ಇದು ಭಾಳ ಒಳ್ಳೇದೈತಿ ನೋಡು. ನಾ ಹೂಂ ಅನ್ನೋತನಕ ಸುಮ್ಮನ ಕಾಯ್ತೈತಿ" ಅಂದಳು. ನನಗೆ ಆಟದ ಚಿಂತೆ, ನಾನು ಹೂಂಗುಟ್ಟಿದೆ.

ಅಪ್ಪ ಕಂಪ್ಲಿಯಿಂದ ಗದ್ದೆ ಮಾರುವ ಕರಾರಿನ ಕಾಗದ ಬರೆಸಿಕೊಂಡು ಬಂದ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಎಂದಿನಂತೆ ಕಾಗದವನ್ನು ಅವಳ ಮುಂದೆ ಚಾಚಿ, ಕೊನೆಯ ಹಾಳೆಯ ಕೆಳಗೆ ಬೆರಳಿಟ್ಟು, "ಇಲ್ಲಿ ಒಂದು ಹಾಕು" ಅಂದ.

ಅವ್ವ ಬೆರಳಿಟ್ಟ ಜಾಗ ನೋಡಲಿಲ್ಲ. ಮೊದಲ ಹಾಳೆ ನೋಡಿ, "ಇದು ಏನು ಮಾಡ್ತೈತಿ?" ಎಂದು ಕೇಳಿದಳು.

ಅದೇ ಪ್ರಶ್ನೆ, ಅದೇ ದನಿ. ಪಡಸಾಲೆಯಲ್ಲಿದ್ದ ನಾನು, ಅಣ್ಣ ಬಾಯಿ ಮುಚ್ಚಿಕೊಂಡು ನಕ್ಕೆವು.

"ಕಾಗದ ಏನ್ ಮಾಡ್ತೈತಿ? ನಿಂಗೊತ್ತಿದ್ದದ್ದ ಐತಿ, ಹಾಕು."

"ಓದ್ರಿ. ನನ್ನ ಕೈ ಹಿಟ್ಟಾಗೈತಿ."

ಅಪ್ಪ ಒಂದೇ ಉಸಿರಿನಲ್ಲಿ ಮಂತ್ರದಂತೆ ಓದಲು ಶುರು ಮಾಡಿದ. ಮೆಟ್ರಿ ಗ್ರಾಮದ ಸರ್ವೆ ನಂಬರ್ ಇಂತಿಷ್ಟು ಬಾರ್ ಇಂತಿಷ್ಟು ಎಂದು ಗಟ್ಟಿಯಾಗಿ ಓದುತ್ತಿದ್ದಂತೆ ಅವ್ವನ ರೊಟ್ಟಿಯ ಸದ್ದು ನಿಂತಿತು.

"ಮೆತ್ತಗ ಓದ್ರಿ! ಹುಡುಗ್ರು ಅದಾವ ಅಲ್ಲಿ!"

"ಹೊಲದ ನಂಬರಿನ್ಯಾಗ ಗುಟ್ಟೇನೈತಿ?" ಎಂದು ಅಪ್ಪ ಬೆರಗಾದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾರ್ ಎಂದರೆ ಓರೆ ಗೀಟು. ನಮ್ಮ ನಗು ನಿಂತುಹೋಗಿತ್ತು. ನಾವು ಲೋಕದ ತಾರೀಖೆಲ್ಲ ಹುಡುಕಿದ್ದೆವು, ಅವಳು ತನ್ನ ಗದ್ದೆಯನ್ನು ಇಟ್ಟುಕೊಂಡಿದ್ದಳು. ಆ ನಂಬರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಈಗಲೂ ಎಲ್ಲೆಲ್ಲಿ ಚಾಲ್ತಿಯಲ್ಲಿದೆಯೋ ನನಗೆ ತಿಳಿಯದು, ಮೇಲಾಗಿ ಅವ್ವ ಇದನ್ನು ಓದುತ್ತಾಳೆ.

ಅಪ್ಪ ಓದಿ ಮುಗಿಸಿದ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, "ಕ್ಯಾನ್ಸಲ್" ಅಂದಳು.

"ಏನಂದಿ?"

"ಕ್ಯಾನ್ಸಲ್ ಅಂದೆರಿ. ಇದು ನನ್ನ ಹೆಸರಿನ್ಯಾಗ ಐತಿ. ನನ್ನ ಕೇಳಿಲ್ಲ ನೀವು."

"ಈಗ ಕೇಳಾಕ ಬಂದೀನಲ್ಲ!"

"ಕೇಳಾಕ ಬಂದಿಲ್ಲ, ಸಹಿಗೆ ಬಂದೀರಿ. ಗಾಡಿಗೆಲ್ಲ ಹಾಕೀನಿ, ನಾಳೆ ಇನ್ನೊಂದು ತಂದ್ರೂ ಹಾಕ್ತೀನಿ. ಇದಕ್ಕ ಹಾಕಂಗಿಲ್ಲ. ಬ್ಯಾರೆಯವ್ರ ಗಾಡಿಗೆ ಕೇಳಲಾರದ ಕೈ ಹಾಕಬಾರದಂತ ನೀವ ಅಂದ್ರಲ್ಲ ಅವತ್ತು."

ಅಪ್ಪ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ತುರುಕಿಕೊಂಡು ಪಡಸಾಲೆಗೆ ಬಂದ. ಹೆಂಡತಿಗೆ ಬೈಯಲು ಮಾತು ಸಿಗದವನು ಕಂಪ್ಯೂಟರಿಗೆ ಬೈದ. ನಿಮ್ಮವ್ವನ ತಲೆ ಕೆಡಿಸಿದ್ದು ಇದೇ ಡಬ್ಬಿ ಎಂದು ಅದರ ಮೇಲೆ ಕೈ ಎತ್ತಿ, ಬೆಲೆ ನೆನಪಾಗಿ ಕೈ ಇಳಿಸಿದ. ಅಂಗಡಿಯವನಿಗೆ ಫೋನು ಹೋಯಿತು. "ಜಲ್ದಿ ಬಾ. ಆ ಕೇಳೋದನ್ನ ಬಂದ್ ಮಾಡು. ಮೊದ್ಲ ಹೆಂಗಿತ್ತೋ ಹಂಗ ಮಾಡು."

ನಾವು ಅಷ್ಟು ದಿನ ಹರಕೆ ಹೊತ್ತದ್ದು ಇದಕ್ಕೇ. ಸಂಜೆ ಅಂಗಡಿಯವನು ಬಂದು ಕೂತು, "ಎರಡು ನಿಮಿಷದ ಕೆಲಸ" ಎಂದು ಎಲ್ಲೆಲ್ಲೋ ಒತ್ತಿದ. ತೆರೆ ಮಬ್ಬಾಯಿತು. ಚೌಕ ಮೂಡಿತು.

"ಅಣ್ಣಾ, ಓನರ್ ಪಾಸ್‌ವರ್ಡ್ ಬೇಕಂತ."

"ಕೇಳೋದನ್ನ ಬಂದ್ ಮಾಡಾಕ ಮತ್ತ ಕೇಳ್ತೈತೇನಲೇ?"

"ಕೇಳ್ತೈತಣ್ಣಾ."

ಅಪ್ಪ ನಮ್ಮ ಕಡೆ ತಿರುಗಿದ. "ದಿನಾ ಇದರ ಮುಂದ ಬಿದ್ದಿರ್ತೀರಲ್ಲ, ನಿಮಗ ಗೊತ್ತಿಲ್ಲೇನು?" ಅವನು ಕೇಳುತ್ತಿದ್ದ ನಂಬರು ಅವನ ಕಿಸೆಯಲ್ಲೇ ಇತ್ತು. ನನ್ನ ಬೆರಳುಗಳು ತುರಿಸಿದವು, ಸುಳ್ಳು ಹೇಳುವುದಿಲ್ಲ. ಆ ನಂಬರು ಹಾಕಿದರೆ ಮುಗಿಯಿತು, ಕಿಟಕಿಯಿಲ್ಲ, ಬಚ್ಚಲಿಲ್ಲ, ಯಾವಾಗ ಬೇಕಾದರೂ ಯುದ್ಧ. ಆದರೆ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ನಮಗೆ ಗೊತ್ತು ಎನ್ನುವುದು ಅವಳಿಗೆ ಗೊತ್ತಿತ್ತು. ಅವಳ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ನೋಡಿದೆ.

"ಗೊತ್ತಿಲ್ಲಪ್ಪ" ಎಂದು ಅಣ್ಣ ಅಂದ.

"ನನಗೂ ಗೊತ್ತಿಲ್ಲ" ಎಂದು ನಾನೂ ಅಂದೆ.

ಅಪ್ಪ ಬಾಗಿಲ ಕಡೆ ನೋಡದೆಯೇ, "ಬಾ, ನಿನ್ನ ಕೇಳಾಕತ್ತೈತಿ" ಅಂದ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ನಮಗೆ ಗೋಡೆಯ ಕಡೆ ತಿರುಗಲು ಹೇಳಿದಳು. ನಾವು ತಿರುಗಿದೆವು. ಅವಳು ಚೌಕವನ್ನು ಒಂದೊಂದೇ ಅಕ್ಷರ ಕೂಡಿಸಿ ಕೊನೆಯತನಕ ಓದಿದಳು. ಒಂದೇ ಒಂದು ಟಕ್ ಕೇಳಿಸಿತು, ಗೋಡೆಯ ಮೇಲೆ ತೆರೆಯ ಬೆಳಕು ಮತ್ತೆ ಹರಡಿತು.

"ಏನ್ ಮಾಡಿದ್ರಿ ಅಕ್ಕಾರ?" ಎಂದು ಅಂಗಡಿಯವನು ಕೇಳಿದ.

"ಕೇಳ್ತು. ಬ್ಯಾಡ ಅಂದೆ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಲಾರಿ ನೋಡಿ ಬರುತ್ತೇನೆಂದು ಹೊರಗೆ ಹೋದ. ಅವ್ವ ಕುರ್ಚಿಯಿಂದ ಏಳದೆ ನಮ್ಮ ಕಡೆ ತಿರುಗಿ, "ನಿಮ್ಮ ಆಟ ಯಾವುದು, ತೆಗೀರಿ" ಅಂದಳು. ಕಿಟಕಿಗಳು ಅವತ್ತು ಕೆಂಪಗೇ ಇದ್ದವು.