ಎದುರಿಗೆ ಬನ್ನಿ ಅಕ್ಕಾ

ಸಿಂಧು, ತೇಜಸ್, ಭದ್ರಾವತಿಯ ನಮ್ಮ ಪಕ್ಕದ ಮನೆಯಲ್ಲಿ ಕಾರ್ಖಾನೆಯ ಫಿಟ್ಟರ್ ಒಬ್ಬರಿದ್ದರು. ಅವರ ಇಂಗ್ಲೆಂಡಿನ ಹಳೇ ಬೈಕಿನ ಮೀಟರು ಎಷ್ಟು ಸಲ ಸುತ್ತಿ ಸೊನ್ನೆಗೆ ಮರಳಿತ್ತೋ! ಸಿಗದ ಬಿಡಿಭಾಗಗಳನ್ನು ತಾವೇ ಲೇತಿನಲ್ಲಿ ಕಡೆದು ಹಾಕಿ ಊರೂರು ಸುತ್ತುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ಮೇಲೆ, ಯಾರಾದರೂ ಪ್ರಯಾಣ ಹೊರಟರೆ ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ. ವಿಧವೆ ಎದುರಾದರೆ ಅಪಶಕುನವಂತೆ.

ಕನ್ಯಾಕುಮಾರಿಗೆ ಹೊರಟ ಬೆಳಿಗ್ಗೆ ಅವರು ಬೈಕನ್ನು ನಮ್ಮ ಬಾಗಿಲಿಗೇ ತಿರುಗಿಸಿ ಕೂಗಿದರು: "ಎದುರಿಗೆ ಬನ್ನಿ ಅಕ್ಕಾ!"

ಬಂದೆ. ಎಷ್ಟು ಒದ್ದರೂ ಬೈಕು ಸ್ಟಾರ್ಟ್ ಆಗಲಿಲ್ಲ.

"ನಾ ಹೇಳ್ಲಿಲ್ವಾ?" ಎಂದರು ಅವರ ತಾಯಿ. ನಾನು ಒಳಗೆ ತಿರುಗಿದೆ.

"ನಿಂತ್ಕೊಳ್ಳಿ ಅಕ್ಕಾ! ನನ್ನ ಮದುವೆ ದಿನಾನೂ ಇದು ಹಿಂಗೇ ಆಡಿತ್ತು."

ನಿಂತೆ. ಬೈಕು ಗುಡುಗಿತು.

ಮುಂದಿನ ಸಲ ಅವರು ಕರೆಯುವ ಮೊದಲೇ ಬೀದಿಗೆ ಬಂದು ನಿಂತಿದ್ದೆ.

ಈ ಹಾಳೆ ಜೋಪಾನವಾಗಿಡಿ, ಮಕ್ಕಳೇ. ನಾನಿಲ್ಲದ ದಿನ ಇದನ್ನೇ ಎದುರಿಗಿಟ್ಟುಕೊಂಡು ಹೊರಡಿ.