‘ಚಾಲು’ ಎಂಬ ಚೀಟಿ

ರಾಣೆಬೆನ್ನೂರಿನ ರಚನಾ ನೌಕಾಪಡೆಯ ಗಂಡನ ಜೊತೆ ವಿಶಾಖಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಯಿತು. ಅದರಲ್ಲಿ ಏಳು ವರ್ಷದಿಂದ ಅಲ್ಲಿನ ಲ್ಯಾಬೊಂದರಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾಳೆ. ಅಷ್ಟರಲ್ಲಿ ಗಂಡ ರಘುನಂದನ ಹಡಗಿನಲ್ಲಿ ಭೂಮಿಯನ್ನು ಹದಿನಾಲ್ಕು ಸುತ್ತು ಸುತ್ತಿ ಬಂದ. ಇವಳು ಆ ಪ್ರಶ್ನೆಗೆ ಅರ್ಧ ಸುತ್ತೂ ಹಾಕಿಲ್ಲ.

ಪ್ರಶ್ನೆ ಇಷ್ಟೇ. ನಮ್ಮ ಜೀವಕೋಶಗಳೊಳಗೆ ಆರ್‌ಎನ್‌ಎ ಎಂಬ ಚೀಟಿಗಳಿವೆ. ರೈಬೋಸೋಮ್ ಎಂಬುದು ಆ ಚೀಟಿಯನ್ನು ಮೂರು ಮೂರು ಅಕ್ಷರವಾಗಿ ಓದುತ್ತ, ಸಿಂಹಾಚಲಂ ಮೆಟ್ಟಿಲ ಬಳಿ ಹೂ ಕಟ್ಟುವವಳ ಹಾಗೆ ಪ್ರೋಟೀನಿನ ಮಾಲೆ ಕಟ್ಟುತ್ತದೆ. ‘ಸಾಕು’ ಎನ್ನುವ ಮೂರು ಅಕ್ಷರ ಬಂದಾಗ ನಿಲ್ಲಿಸಬೇಕು. ಕೆಲವು ಸಲ ಅದನ್ನು ಕಂಡೂ ಕಾಣದಂತೆ ಕಟ್ಟುತ್ತಲೇ ಹೋಗುತ್ತದೆ. ಯಾಕೆ?

ಉತ್ತರ ಸಿಗಬೇಕಾದರೆ ಆರ್‌ಎನ್‌ಎ ಉಳಿಯಬೇಕಲ್ಲ? ಅದು ಹೊಸ ಅಳಿಯನಿಗಿಂತ ಸೂಕ್ಷ್ಮ. ಬರಿಗೈ ಸೋಕಿದರೆ ಚೂರು ಚೂರು. ಕಾರಿಡಾರಿನಲ್ಲಿ ಯಾರಾದರೂ ಸೀನಿದರೆ ಅದರ ತಿಥಿಗೆ ದಿನ ನೋಡಬೇಕು. ಕೈ ತೊಳೆದೂ ತೊಳೆದೂ ರೇಖೆಗಳೇ ಅಳಿಸಿಹೋಗಿ, ಆಧಾರ್ ಯಂತ್ರ ಇಂಥ ಹೆಂಗಸೇ ಇಲ್ಲ ಎಂದು ರಚನಾಳನ್ನು ವಾಪಸು ಕಳಿಸಿತ್ತು. ಹೀಗೆ ಜೋಪಾನ ಮಾಡಿದ ಆರುನೂರು ಪುಟ್ಟ ಟ್ಯೂಬುಗಳು ಲ್ಯಾಬಿನಲ್ಲಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿದ್ದವು. ಅದರ ಬಾಗಿಲು ತೆಗೆದರೆ ಊರಾಚೆ ಪರವಾಡದ ಕಂಪನಿ ಬಸ್ಸಿನಲ್ಲಿ ಕೂತವರೂ ಸ್ವೆಟರ್ ಹುಡುಕುತ್ತಿದ್ದರು.

ಹೋದ ಜೂನಿನಲ್ಲಿ ವಿಜಯವಾಡದಿಂದ ಕರೆ ಬಂತು. ಅವಳ ಸಂಶೋಧನೆಯನ್ನು ಇನ್ನೆರಡು ವರ್ಷ ನಡೆಸಬೇಕೋ ಬೇಡವೋ ಎಂದು ಹಣ ಕೊಡುವ ಅಲ್ಲಿನ ಸಮಿತಿ ತೀರ್ಮಾನಿಸುವುದಿತ್ತು. ಹೊರಡುವ ಗಡಿಬಿಡಿಯಲ್ಲಿ, ಯಾರೂ ಫ್ರೀಜರ್ ಮುಟ್ಟದಿರಲಿ ಎಂದು ರಚನಾ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದಳು. ಗಡಿಬಿಡಿಯಲ್ಲಿ ಕೈ ರಾಣೆಬೆನ್ನೂರಿಗೆ ಓಡಿಬಿಡುತ್ತದೆ. ಬರೆದದ್ದು ಒಂದೇ ಪದ: ‘ಚಾಲು’.

ವಿಜಯವಾಡದಲ್ಲಿ ಸಮಿತಿಯ ಅಧ್ಯಕ್ಷೆ ಹಾರಿಕಾ ಗಾರು ಹಾಳೆಗಳನ್ನು ತಿರುವಿ ಹಾಕಿದರು. “ಬಾಗುಂದಮ್ಮಾ, ಚೆನ್ನಾಗಿದೆ. ಆದ್ರೆ ಕೊನೇ ಫಲಿತಾಂಶ ಒಂದೇ ಸಲ ಬಂದಿದೆ. ಅದೇ ಸ್ಯಾಂಪಲ್‌ಗಳಲ್ಲಿ ಇನ್ನೊಂದ್ಸಲ ತೋರಿಸಿ. ಹತ್ತು ದಿನ ಸಾಕಾ?”

“ಧಾರಾಳ ಮೇಡಂ! ಎಲ್ಲಾ ಫ್ರೀಜರಿನಾಗ ಐತಿ,” ಎಂದು ರಚನಾ ಏಳು ವರ್ಷದಲ್ಲಿ ಮೊದಲ ಸಲ ನಕ್ಕಳು. ಹೊರಗೆ ಬಿಸಿಲಿಗೆ ಕೃಷ್ಣಾ ನದಿ ಕುದಿಯುತ್ತಿತ್ತು. ಅವಳಿಗೆ ಅದೂ ತಂಗಾಳಿ.

ಮೂರನೆಯ ದಿನ ಬಂದು ನೋಡಿದರೆ ಫ್ರೀಜರಿನ ಕೆಳಗೆ ನೀರು. ಒಳಗೆ ಆರುನೂರು ಟ್ಯೂಬುಗಳೂ ಋಷಿಕೊಂಡದ ಸಮುದ್ರದಷ್ಟು ಬೆಚ್ಚಗಾಗಿದ್ದವು. ಲ್ಯಾಬ್ ಅಟೆಂಡರ್ ರಾಮ್‌ಪ್ರಸಾದ್ ನಿಶ್ಚಿಂತೆಯಿಂದ ನೆಲ ಒರೆಸುತ್ತಿದ್ದ.

“ಯಾರ್ರೀ ಇದನ್ನ ಬಂದ್ ಮಾಡಿದ್ದು?”

“ನೇನೇ ಮೇಡಂ. ಬರೆದಿಟ್ಟು ಹೋದೋರು ನೀವೇ ಕದಾ!”

“ಚಾಲು ಅಂತ ಬರೆದಿದ್ನಲ್ರೀ!”

“ಅವುನು ಮೇಡಂ. ಚಾಲು ಅಂಟೇ ಚಾಲು ಕದಾ! ಅದಕ್ಕೇ ಆರಿಸಿದೆ.”

ರಚನಾ ಚೀಟಿಯನ್ನು ನೋಡಿದಳು. ಕನ್ನಡದಲ್ಲಿ ಓದಿದಳು: ನಡೆಯುತ್ತಿದೆ. ತೆಲುಗಿನಲ್ಲಿ ಓದಿದಳು: ಸಾಕು. ಒಂದಿಷ್ಟು ಕೊಂಕು ಬಿಟ್ಟರೆ ಅಕ್ಷರಗಳೂ ಅವೇ. ಬೈಯಲು ಬಾಯಿ ತೆರೆದಳು. ಆದರೆ ಆ ಮನುಷ್ಯ ಓದಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹೊಟ್ಟೆ ಉರಿದದ್ದೇ ಅದಕ್ಕೆ. ಅವಳ ಸಿಟ್ಟಿನ ಮೇಲೆ ಆ ಫ್ರೀಜರಿನ ನೀರನ್ನು ಇಟ್ಟಿದ್ದರೆ ಇಡೀ ಲ್ಯಾಬಿಗೆ ಚಹಾ ಆಗುತ್ತಿತ್ತು.

ಕೊನೆಗೆ ಹಾರಿಕಾ ಗಾರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳಿ, ಹೊಸ ಟ್ಯೂಬುಗಳಿಗೆ ಒಂದು ವರ್ಷ ಕೇಳಿದಳು. ಆ ಕಡೆಯಿಂದ ನಿಟ್ಟುಸಿರು. “ಏಳು ವರ್ಷ ಆಯ್ತಲ್ಲಮ್ಮಾ... ಇಂಕ ಚಾಲು.”

ಫೋನ್ ಕೆಳಗಿಟ್ಟಳು.

“ಏಮನ್ನಾರು ಮೇಡಂ?” ರಾಮ್‌ಪ್ರಸಾದ್ ಒರೆಸುವ ಬಟ್ಟೆ ಹಿಂಡುತ್ತ ಕೇಳಿದ.

“ಚಾಲು ಅಂದ್ರು.”

ಅವನ ಮುಖ ಇಳಿಯಿತು. “ಅಯ್ಯೋ. ಹಾಗಾದ್ರೆ ಫ್ರೀಜರ್ ಕೂಡ...”

“ಕನ್ನಡದಾಗ ಅಂದಾರ್ರೀ!” ಎಂದು ಗದರಿ, ರಚನಾ ಸ್ವಿಚ್ ಹಾಕಿ, ಕೈ ತೊಳೆಯಲು ಹೋದಳು.