ಮತಯಂತ್ರಕ್ಕೆ ಕುಂಕುಮ ಇಟ್ಟ ಕಮಲವ್ವ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೊರಗೆ ಮಂಜು ದಟ್ಟವಾಗಿದೆ. ಫ್ರೀವೇ ಮೇಲಿನ ಕಾರುಗಳ ಸದ್ದು ಕೇಳುತ್ತದೆ, ಕಾರು ಕಾಣುವುದಿಲ್ಲ. ಒಳಗೆ, ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಯ ಗೋದಾಮಿನಲ್ಲಿ, ಕಮಲವ್ವ ಸ್ವೆಟರಿನ ತೋಳು ಮೇಲೇರಿಸಿ ಒಂದು ಮತಯಂತ್ರವನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಅಂಗೈಯಿಂದ ಅದರ ಬೆನ್ನಿಗೆ ಎರಡೇಟು. ಸಾಸಿವೆಗಿಂತ ತುಸು ದೊಡ್ಡ ಕಾಗದದ ಚೂರುಗಳು ಬುಳಬುಳನೆ ಉದುರುತ್ತವೆ. ಕಳೆದ ಮಾರ್ಚಿನಲ್ಲಿ ಯಾರೋ ಯಾರಿಗೋ ಹಾಕಿದ ಮತದ ಚೂರುಗಳು ಅವು. ಅವನ್ನು ಗುಡಿಸಿ ಡಬ್ಬಕ್ಕೆ ಸುರಿದು, ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಮೂಲೆ ತಿಕ್ಕುತ್ತಾರೆ. ಹತ್ತು ದಿನ ಅವರನ್ನು ಈ ಮೇಜಿನ ಹತ್ತಿರ ಬಿಟ್ಟಿರಲಿಲ್ಲ. ನಿನ್ನೆಯಷ್ಟೇ ಮತ್ತೆ ಬರಮಾಡಿಕೊಂಡಿದ್ದಾರೆ.

ಮತಯಂತ್ರ ಎಂದರೆ ದೊಡ್ಡದೇನೋ ಇರಬೇಕು ಎಂದುಕೊಳ್ಳಬೇಡಿ. ಇದಕ್ಕೆ ವೈರಿಲ್ಲ, ಕರೆಂಟಿಲ್ಲ. ಸೂಟ್‌ಕೇಸಿನಂತೆ ಮಡಚುವ ಪೆಟ್ಟಿಗೆ, ಮೇಲೆ ಅಭ್ಯರ್ಥಿಗಳ ಹೆಸರಿನ ಪುಸ್ತಕ, ಪಕ್ಕದಲ್ಲಿ ಸರಪಣಿಗೆ ಕಟ್ಟಿದ ಒಂದು ಸೂಜಿ. ಮತದಾರರು ದಪ್ಪ ಕಾಗದದ ಚೀಟಿಯನ್ನು ಒಳಗೆ ತೂರಿಸಿ, ತಮಗೆ ಬೇಕಾದವರ ಹೆಸರಿನ ಎದುರು ಸೂಜಿಯಿಂದ ಚುಚ್ಚಬೇಕು. ಚುಚ್ಚಿದಲ್ಲಿ ತೂತು ಬೀಳುತ್ತದೆ, ಚೂರು ತಳಕ್ಕೆ ಬೀಳುತ್ತದೆ. ತಳದಲ್ಲಿ ಹಳೆಯ ಚೂರು ತುಂಬಿಕೊಂಡಿದ್ದರೆ ಸೂಜಿ ಪೂರ್ತಿ ಇಳಿಯುವುದಿಲ್ಲ, ಚೂರು ಅರ್ಧ ಕಿತ್ತು ಚೀಟಿಗೇ ಜೋತುಬೀಳುತ್ತದೆ. ಆ ಮತವನ್ನು ಎಣಿಕೆಯ ಯಂತ್ರ ಓದಬಹುದು, ಓದದೆಯೂ ಇರಬಹುದು.

ಓದಲೇಬೇಕು ಎಂಬುದು ಕಮಲವ್ವನ ಹಟ. ಒಂದು ಯಂತ್ರದಲ್ಲಿ ಮುನ್ನೂರ ಹನ್ನೆರಡು ತೂತುಗಳಿವೆ. ಪ್ರತಿಯೊಂದರಲ್ಲೂ ಒಂದು ಸಲ ಸೂಜಿ ಇಳಿಸಿ ನೋಡುತ್ತಾರೆ. ಕೆಳಗಿನ ರಬ್ಬರು ಗಡಸಾಗಿದ್ದರೆ ಬದಲಿಸುತ್ತಾರೆ. ಒಂದಕ್ಕೆ ಹದಿನೆಂಟು ನಿಮಿಷ, ದಿನಕ್ಕೆ ಇಪ್ಪತ್ತನಾಲ್ಕು ಯಂತ್ರ. ಈ ಚುನಾವಣೆಗೆ ಅವರ ಪಾಲಿಗೆ ಬಂದವು ಆರುನೂರಿಪ್ಪತ್ತು. ಮುಗಿದ ಮೇಲೆ ಮುಚ್ಚಳಕ್ಕೆ ಸೀಲು ಅಂಟಿಸಿ, ಅದರ ಮೇಲೆ ತಮ್ಮ ಹೆಸರಿನ ಎರಡು ಇಂಗ್ಲಿಷ್ ಅಕ್ಷರ ಬರೆಯುತ್ತಾರೆ. ಕೌಂಟಿಯಲ್ಲಿ ಲಕ್ಷಗಟ್ಟಲೆ ಮತದಾರರಿದ್ದಾರೆ. ಆ ಎರಡಕ್ಷರ ಯಾರದೆಂದು ಈವರೆಗೆ ಒಬ್ಬರೂ ಕೇಳಿರಲಿಲ್ಲ.

ಊರು ಗದಗ. ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು. ಗಂಡ ವಾಸುದೇವ ಲೇತ್ ಮಷೀನಿನ ಕೆಲಸಗಾರ. ಸ್ಯಾನ್ ರಮೋನಿನಲ್ಲಿ ನರ್ಸ್ ಆಗಿದ್ದ ನಾದಿನಿ ಅರ್ಜಿ ಹಾಕಿ ಕರೆಸಿಕೊಂಡದ್ದು ಹತ್ತು ವರ್ಷದ ಹಿಂದೆ. ಬಂದ ಮೇಲೆ ವಾಸುದೇವ ಏರ್‌ಪೋರ್ಟಿಗೆ ವ್ಯಾನು ಓಡಿಸತೊಡಗಿದರು. ಕಮಲವ್ವ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗುಂಡಿ ಹಚ್ಚಿದರು, ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸಿದರು. ಐದು ವರ್ಷದ ಹಿಂದೆ ಈ ಗೋದಾಮಿನ ಕೆಲಸ ಸಿಕ್ಕಿತು. ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲೆಲ್ಲ ಕಂಪ್ಯೂಟರಿನ ಮಾತು, ಷೇರಿನ ಮಾತು. ‘ನೀವೆಲ್ಲಿ ಕೆಲಸ?’ ಎಂದು ಯಾರಾದರೂ ಕೇಳಿದರೆ ಕಮಲವ್ವ ‘ಇಲೆಕ್ಷನ್ ಆಫೀಸಿನ್ಯಾಗ’ ಎನ್ನುತ್ತಾರೆ. ಕೇಳಿದವರು ತಲೆಯಾಡಿಸಿ ಚಟ್ನಿ ಬಡಿಸಿಕೊಳ್ಳಲು ಹೋಗುತ್ತಾರೆ.

“ನಾ ಹೊಲಿಗಿ ಮಿಷೀನಿನ ಮುಂದ ಬೆಳದಾಕಿ ರೀ,” ಎನ್ನುತ್ತಾರೆ ಕಮಲವ್ವ. “ಮಿಷೀನು ನಮ್ಮ ಮಾತು ಕೇಳಬೇಕಂದ್ರ ವರ್ಷಕ್ಕ ಒಂದು ದಿನರ ಅದಕ್ಕ ಕೈ ಮುಗೀಬೇಕು.”

ಅದನ್ನೇ ಮಾಡಿದ್ದು ಅವರು. ಅದೇ ಮುಳುವಾಯಿತು.

ಅಕ್ಟೋಬರ್ ಮೊದಲ ವಾರ, ಆಯುಧಪೂಜೆ. ಹಿಂದಿನ ನಾಲ್ಕು ವರ್ಷವೂ ಅವರು ಗೋದಾಮಿನಲ್ಲಿ ಸದ್ದಿಲ್ಲದೆ ಪೂಜೆ ಮಾಡಿದ್ದರು. ಊದುಬತ್ತಿ ಹಚ್ಚಿದರೆ ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದೆ, ಹಾಗಾಗಿ ಊದುಬತ್ತಿ ಇಲ್ಲ. ಕಾಯಿ ಒಡೆಯುವ ಹಾಗಿಲ್ಲ. ಎಲ್ಲ ಯಂತ್ರಗಳ ಪರವಾಗಿ ಒಂದು ಯಂತ್ರದ ಮುಚ್ಚಳಕ್ಕೆ ಕುಂಕುಮದ ಬೊಟ್ಟು, ಸೇವಂತಿಗೆ ಹೂವು, ಸಾಮಾನು ಎತ್ತುವ ಗಾಡಿಯ ಚಕ್ರದ ಕೆಳಗೆ ಒಂದು ನಿಂಬೆಹಣ್ಣು. ಜೊತೆಗೆ ಕೆಲಸ ಮಾಡುವವರಿಗೆಲ್ಲ ಒಂದೊಂದು ಮುಷ್ಟಿ ಚುರುಮುರಿ. ಅವರಿಗೂ ಅದು ಗೊತ್ತಿದ್ದ ಹಬ್ಬವೇ. ಮೇಲಧಿಕಾರಿ ಒಲಿವೇರಾ ಬಾಯಿ ಪ್ರತಿವರ್ಷ ಎರಡನೆಯ ಮುಷ್ಟಿ ಕೇಳಿ ತಿನ್ನುತ್ತಿದ್ದರು.

ಈ ವರ್ಷ ಗಾಡಿ ಓಡಿಸುವ ಡಾರೆಲ್‌ನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. ಪ್ರೀತಿಯಿಂದಲೇ ಒಂದು ಫೋಟೋ ತೆಗೆದ. ಯಂತ್ರದ ಮೇಲೆ ಬೊಟ್ಟಿಡುತ್ತಿರುವ ಕೈ ಮತ್ತು ಹಸಿರು ಬಳೆ, ಅಂಚಿನಲ್ಲಿ ಅರ್ಧ ನಿಂಬೆಹಣ್ಣು, ಅಷ್ಟೇ. ಮುಖವಿಲ್ಲ. ‘ನಮ್ಮ ಗೋದಾಮಿನ ಹಬ್ಬ’ ಎಂದು ಬರೆದು ತನ್ನ ವೆಬ್ ಪುಟಕ್ಕೆ ಹಾಕಿಕೊಂಡ. ಆ ಪುಟವನ್ನು ಅವನ ತಂಗಿಯ ಹೊರತು ಯಾರೂ ನೋಡುವುದಿಲ್ಲ ಎಂದು ಅವನೇ ನಗುತ್ತಿದ್ದನಂತೆ.

ಹತ್ತು ದಿನದಲ್ಲಿ ಆ ಕೈಯನ್ನು ಇಡೀ ದೇಶ ನೋಡಿತು. ಯಾರೋ ಒಬ್ಬ ಫೋಟೋವನ್ನಷ್ಟೇ ಕಿತ್ತು, ಹಬ್ಬದ ಮಾತನ್ನು ಅಲ್ಲೇ ಬಿಟ್ಟು, ಅಧ್ಯಕ್ಷರ ಚುನಾವಣೆಯ ಚರ್ಚೆ ನಡೆಯುವ ತಾಣವೊಂದರಲ್ಲಿ ತಂದು ಹಾಕಿದ್ದ. ‘ಕ್ಯಾಲಿಫೋರ್ನಿಯಾದ ಮತಯಂತ್ರಗಳಿಗೆ ಗುಟ್ಟಾಗಿ ಕೆಂಪು ಗುರುತು. ಯಾಕೆ?’ ಎಂಬುದೊಂದು ಪ್ರಶ್ನೆ. ಆಮೇಲೆ ಅದಕ್ಕೆ ರೆಕ್ಕೆಪುಕ್ಕ ಬಂತು. ಯಾವ ಮತಗಟ್ಟೆಯಲ್ಲಿ ಮೋಸ ಮಾಡಬೇಕೆಂದು ತೋರಿಸುವ ಗುರುತು ಅದು ಎಂದ ಒಬ್ಬ. ತೂತು ಬೀಳದಂತೆ ತಡೆಯುವ ರಾಸಾಯನಿಕ ಎಂದ ಇನ್ನೊಬ್ಬ. ಯಂತ್ರದೊಳಗೆ ಕಂಪ್ಯೂಟರ್ ಚಿಪ್ ಇದೆ, ಬೊಟ್ಟಿಟ್ಟ ಜಾಗದಲ್ಲಿ ಅದರ ಬಾಯಿದೆ ಎಂದ ಮತ್ತೊಬ್ಬ. ಫೋಟೋದ ಅಂಚಿನಲ್ಲಿ ಅರ್ಧ ಕಾಣುತ್ತಿದ್ದ ನಿಂಬೆಹಣ್ಣಿನ ಬಗ್ಗೆಯೇ ಅರವತ್ತು ಉತ್ತರಗಳಿದ್ದವು. ಕಂಡಿದ್ದು ಒಂದು ಯಂತ್ರ. ಸಂಜೆಯ ಹೊತ್ತಿಗೆ ಸಾವಿರ, ಮರುದಿನ ಮೂರು ರಾಜ್ಯದ ತುಂಬ. ತಮಾಷೆಯೆಂದರೆ ಎರಡೂ ಪಕ್ಷದ ಬೆಂಬಲಿಗರಿಗೆ ಅದು ಎದುರು ಪಕ್ಷದವರ ಸಂಚು. ಬೇರೆ ಯಾವ ವಿಷಯದಲ್ಲೂ ಒಂದು ಮಾತಿಗೆ ಬಾರದವರು ಇದೊಂದರಲ್ಲಿ ಒಂದಾಗಿದ್ದರು.

ಕಮಲವ್ವನ ಮಗಳು ಸಿಂಧುಗೆ ಇಪ್ಪತ್ತೆರಡು ವರ್ಷ. ಆ ತಾಣವನ್ನು ನಡೆಸುವ ಸ್ಯಾನ್ ಫ್ರಾನ್ಸಿಸ್ಕೋದ ಡಾಟ್‌ಕಾಂ ಕಂಪನಿಯಲ್ಲಿ ಅವಳ ಕೆಲಸ ಇಂಥ ಚರ್ಚೆಗಳನ್ನು ಓದುವುದು, ಹೊಲಸು ಮಾತು ಕಂಡರೆ ಅಳಿಸುವುದು. ಬುಧವಾರ ಪಕ್ಕದ ಹುಡುಗಿ ‘ಇದನ್ನ ನೋಡಿದ್ಯಾ?’ ಎಂದು ಪರದೆಯನ್ನು ತಿರುಗಿಸಿದಳು. ಬಳೆಯ ಹಿಂದೆ, ಮಣಿಕಟ್ಟಿನ ಮೇಲೆ, ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗಾಯ. ಸಿಂಧುಗೆ ಆ ಗಾಯದ ಗುರುತು ಸಿಕ್ಕಿತು.

“ಅವ್ವಾ, ಇದು ನಿನ್ನ ಕೈ ಅಲ್ಲಾ?” ಮನೆಗೆ ಫೋನು ಮಾಡಿ ಮೊದಲು ಕೇಳಿದ್ದು ಅದನ್ನೇ. ಪ್ರಿಂಟ್ ತಂದು ತೋರಿಸಿದ ಮೇಲೂ ಕಮಲವ್ವನಿಗೆ ಅರ್ಥವಾಗಲಿಲ್ಲ. ಸಿಂಧು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದ ಮೇಲೆ ಅರ್ಥವಾಯಿತು. “ಒಂದ ಕೈ ನೋಡಿ ಇಷ್ಟು ಮಂದಿ ಇಷ್ಟೆಲ್ಲಾ ಬರದಾರಲ್ಲಾ, ಒಬ್ಬರರ ಫೋನ್ ಮಾಡಿ ‘ಏನವ್ವಾ ಇದು’ ಅಂತ ಕೇಳಬಾರದ?” ಎಂದು ಈಗಲೂ ಕೇಳುತ್ತಾರೆ.

ಅಳಿಸಿಹಾಕು ಎಂದು ಮಗಳಿಗೆ ಅಂಗಲಾಚಿದರು. ಸಿಂಧು ಮ್ಯಾನೇಜರ್ ಹತ್ತಿರ ಹೋದಳು. ಆ ವಾರ ಎಲ್ಲಕ್ಕಿಂತ ಹೆಚ್ಚು ಜನ ಓದಿದ ಚರ್ಚೆ ಅದೇ ಎಂದು ಆತ ಖುಷಿಯಲ್ಲಿದ್ದ. “ಬೈಗುಳ ಇದ್ರ ನಾ ಡಿಲೀಟ್ ಮಾಡಬಹುದು ಅವ್ವಾ. ಸುಳ್ಳಿದ್ರ ಮಾಡೋಹಂಗಿಲ್ಲ, ಅದು ಪಾಲಿಸಿನಾಗ ಇಲ್ಲ,” ಎಂದಳು ಸಿಂಧು. ತಾನು ಇಷ್ಟು ದಿನ ಯಾವ ಕೆಲಸ ಮಾಡುತ್ತಿದ್ದೆ ಎಂದು ಅವಳಿಗೆ ಅವತ್ತು ತಿಳಿಯಿತಂತೆ.

ಫೋಟೋ ಯಾವ ಕೌಂಟಿಯದೆಂದು ಯಾರೋ ಪತ್ತೆಹಚ್ಚಿದ್ದರು, ಶುಕ್ರವಾರದ ಹೊತ್ತಿಗೆ ಕಚೇರಿಗೆ ನಲವತ್ತೊಂದು ಫೋನು ಬಂದಿದ್ದವು. ಒಲಿವೇರಾ ಬಾಯಿ ಕಮಲವ್ವನನ್ನು ಕೂರಿಸಿಕೊಂಡು, ತಪ್ಪು ನಿನ್ನದಲ್ಲ ಎಂದೇ ಮಾತು ಶುರು ಮಾಡಿದರು. ಕಮಲವ್ವನಿಗೆ ಮುಂದಿನದು ಅಲ್ಲೇ ಗೊತ್ತಾಯಿತು. ಆ ಬೊಟ್ಟನ್ನು ಒರೆಸಬೇಕು. ಸಾರ್ವಜನಿಕರ ಎದುರು ಯಂತ್ರಗಳ ಪರೀಕ್ಷೆ ನಡೆಯುವವರೆಗೆ ಯಂತ್ರ ಮುಟ್ಟುವಂತಿಲ್ಲ. ಪರೀಕ್ಷೆಯಲ್ಲಿ ಒಂದೇ ಒಂದು ಎಡವಿದರೂ ಆ ಎರಡಕ್ಷರವಿರುವ ಯಂತ್ರಗಳೆಲ್ಲ ಮೂಲೆಗೆ. ಕಮಲವ್ವ ಎದ್ದು, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ತಾವಿಟ್ಟ ಕುಂಕುಮವನ್ನು ತಾವೇ ಒರೆಸಿದರು. ಹಣೆಯದನ್ನು ಒರೆಸಿದಷ್ಟೇ ಸಂಕಟವಾಯಿತು ಎನ್ನುತ್ತಾರೆ. ಬೊಟ್ಟು ಒರೆಸಿದ್ದೇವೆ ಎಂದು ಕಚೇರಿ ಫೋನಿನಲ್ಲಿ ಹೇಳಿದ ಮರುದಿನವೇ ಚರ್ಚೆಯ ತಾಣದಲ್ಲಿ ಹೊಸ ಸಾಲು: ‘ಸಾಕ್ಷ್ಯ ಅಳಿಸಿದ್ದಾರೆ.’

ಇಷ್ಟನ್ನೂ ಹೇಗೋ ನುಂಗಿಕೊಂಡವರಿಗೆ ನುಂಗಲಾಗದೆ ಹೋದದ್ದು ಫೋನುಗಳ ಪಟ್ಟಿಯ ಒಂದು ಸಾಲು. ಎಂಬತ್ತೊಂದು ವರ್ಷದ ಒಬ್ಬ ಮುದುಕಿ, ಹಿಂದೆ ಶಾಲೆಯ ಗ್ರಂಥಾಲಯದಲ್ಲಿ ಇದ್ದವರು. ಹೆಸರು ಇಲ್ಲಿ ಬೇಡ. ಅರವತ್ತು ವರ್ಷದಿಂದ ಒಂದೂ ಚುನಾವಣೆ ತಪ್ಪಿಸಿದವರಲ್ಲ. ಮೊಮ್ಮಗ ಫೋಟೋ ತೋರಿಸಿದ ಮೇಲೆ ಫೋನು ಮಾಡಿ, ಯಾರನ್ನೂ ಬಯ್ಯದೆ, ಈ ಸಲ ತಾನು ಮತ ಹಾಕುವುದಿಲ್ಲ ಎಂದಷ್ಟೇ ಹೇಳಿ ಇಟ್ಟಿದ್ದರು.

“ಬೈದವರು ಬೈಲಿ ರೀ. ಬೈದ ಮ್ಯಾಲ ಅವರು ಓಟು ಹಾಕತಾರ,” ಎನ್ನುತ್ತಾರೆ ಕಮಲವ್ವ. “ಆದ್ರ ಈಕಿ ಮನ್ಯಾಗ ಕುಂದರತೀನಿ ಅಂದ್ಲಲ್ಲ. ಒಂದ ಓಟು ಹಾಳಾಗಬಾರದು ಅಂತ ಐದು ವರ್ಷ ಬ್ರಷ್ ಹಿಡದೀನಿ. ಈಗ ನನ್ನ ಕೈ ನೋಡೇ ಒಂದು ಓಟು ಹೋತಲ್ಲ.” ಆ ಹತ್ತು ದಿನ ಅವರಿಗೆ ಕೊಟ್ಟದ್ದು ಲಕೋಟೆಗೆ ಚೀಟಿ ಅಂಟಿಸುವ ಕೆಲಸ. ವಾಸುದೇವ ಕೆಲಸ ಬಿಟ್ಟುಬಿಡು ಎಂದರು. ನಾದಿನಿ, ಹಬ್ಬ ಮನೆಯೊಳಗೆ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದರು. ಡಾರೆಲ್ ದಿನವೂ ಎದುರು ಬಂದು ಕ್ಷಮೆ ಕೇಳುತ್ತಿದ್ದ, ಕೊನೆಗೆ ಇವರೇ ಅವನಿಗೆ ಸಮಾಧಾನ ಹೇಳಬೇಕಾಯಿತು. ಕಮಲವ್ವ ಒಲಿವೇರಾ ಬಾಯಿಯ ಹತ್ತಿರ ಕೇಳಿದ್ದು ಒಂದೇ: ಆ ಅಜ್ಜಿಯನ್ನು ಪರೀಕ್ಷೆಗೆ ಕರೆಯಿರಿ.

ಪ್ರತಿ ಚುನಾವಣೆಗೆ ಮುಂಚೆ ನಡೆಯುವ ಈ ಪರೀಕ್ಷೆಗೆ ಹಿಂದೆಲ್ಲ ಮೂರು ಜನ ಬಂದರೆ ಹೆಚ್ಚು. ಈ ಸಲ ಮೂವತ್ತೆಂಟು ಜನ ಬಂದರು. ಕಮಲವ್ವನನ್ನು ಗೋಡೆಯ ಪಕ್ಕ ನಿಲ್ಲಿಸಿದ್ದರು. ಬಂದವರೇ ಹನ್ನೆರಡು ಯಂತ್ರ ಆರಿಸಿದರು, ಬೊಟ್ಟಿಟ್ಟ ಯಂತ್ರವನ್ನೂ ಸೇರಿಸಿ. ಒಂದೊಂದರಲ್ಲಿ ಇಪ್ಪತ್ತು ಚೀಟಿ ಚುಚ್ಚಿದರು, ಇನ್ನೂರ ನಲವತ್ತು ಚೀಟಿ. ಎಣಿಕೆಯ ಯಂತ್ರ ಓದಿತು. ಜನ ಕೈಯಿಂದಲೂ ಎಣಿಸಿದರು. ಒಂದೂ ತಪ್ಪಿರಲಿಲ್ಲ, ಒಂದು ಚೂರೂ ಜೋತಾಡುತ್ತಿರಲಿಲ್ಲ. ಆ ಎರಡಕ್ಷರದ ಯಂತ್ರಗಳೆಲ್ಲ ಮತಗಟ್ಟೆಗೆ ಹೋಗಲಿ, ಉಳಿದವನ್ನೂ ಕಮಲವ್ವನೇ ಮುಗಿಸಲಿ ಎಂದು ಕಚೇರಿ ಅಲ್ಲೇ ಹೇಳಿತು. ‘ಇದು ತೋರಿಕೆಗೆ ಮಾಡಿದ್ದು’ ಎಂದು ಒಬ್ಬ ಹಿಂದಿನಿಂದ ಹೇಳಿ ಹೊರಟುಹೋದ.

ಕೋಲೂರಿಕೊಂಡು ಬಂದಿದ್ದ ಆ ಅಜ್ಜಿ ಮಾತ್ರ ಹೋಗದೆ ಗೋಡೆಯ ಕಡೆ ಬಂದರು. ಕಮಲವ್ವನ ಬಳೆಯನ್ನೇ ಒಂದು ಕ್ಷಣ ನೋಡಿದರು. ಯಾರ ಪರವಾಗಿ ಆ ಗುರುತು ಹಾಕಿದೆ ಎಂದು ಕೇಳಿದರು. ಕಮಲವ್ವ ತಮಗೆ ಬರುವ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು: ಯಂತ್ರದ ಪರವಾಗಿ, ಅದು ಯಾರ ಕೈಯಲ್ಲೂ ಕೆಡಬಾರದು ಎಂದು. ಅಜ್ಜಿ, ಯೋಚಿಸಿ ನೋಡುತ್ತೇನೆ ಎಂದು ಹೇಳಿ ಹೋದರು. ನಗಲೂ ಇಲ್ಲ, ಕೈ ಕುಲುಕಲೂ ಇಲ್ಲ.

ಚರ್ಚೆಯ ತಾಣದಲ್ಲಿ ಆ ಸುದ್ದಿ ಈಗಲೂ ಬೆಳೆಯುತ್ತಿದೆ. ಸಿಂಧು ಕೆಲಸ ಬಿಟ್ಟಿದ್ದಾಳೆ, ಹತ್ತಿರದ ಎಮರಿವಿಲ್‌ನಲ್ಲಿ ಬೇರೆ ಕೆಲಸ ಹುಡುಕುತ್ತಿದ್ದಾಳೆ. ಉಳಿದ ಯಂತ್ರಗಳನ್ನು ಕಮಲವ್ವ ಈ ವಾರ ಮುಗಿಸಬೇಕು. ಇನ್ನೊಂದರ ಮುಚ್ಚಳ ಹಾಕಿ, ಸೀಲು ಅಂಟಿಸಿ, ಎರಡಕ್ಷರ ಬರೆಯುತ್ತಾರೆ. ಮೊದಲಿಗಿಂತ ದೊಡ್ಡದಾಗಿ ಬರೆಯುತ್ತಿದ್ದೀರಲ್ಲ ಎಂದರೆ, “ಹೌದ್ರಿ, ಓದಾಕ ಬರಬೇಕಲ್ಲ,” ಎನ್ನುತ್ತಾರೆ.

ಚುನಾವಣೆ ಬರುವ ಮಂಗಳವಾರ. ಯಾರು ಗೆಲ್ಲಬೇಕೆಂದು ಕೇಳಿದರೆ ಕಮಲವ್ವ ಮುಂದಿನ ಯಂತ್ರಕ್ಕೆ ಬ್ರಷ್ಷು ಹಾಕುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಬ್ರಷ್ಷು ಕೆಳಗಿಡುತ್ತಾರೆ.

“ಓಟು ಹಾಕಿದವರು ಸಹಿ ಮಾಡೂ ಪುಸ್ತಕ ಇರತಾವಲ್ಲ, ಆಮ್ಯಾಲ ಅವೆಲ್ಲಾ ಈ ಗೋದಾಮಿಗೇ ಬರತಾವ, ಹೊಂದಿಸಿ ಇಡಾಕಿ ನಾನ. ಆ ಅಜ್ಜಿ ಹೆಸರಿನ ಮುಂದ ಸಹಿ ಐತೋ ಇಲ್ಲೋ, ಅಷ್ಟ ನೋಡತೀನಿ. ಯಾರಿಗೆ ಹಾಕ್ಯಾಳ ಅನ್ನೂದು ನನಗ ಬ್ಯಾಡ್ರಿ.”